ಜೂನ್ ಒಂದರಂದು ಸಿಡಿದ ಗುಡ್ಡ

೩ ಮಾರ್ಚ್ ೨೦೨೫, ಸೋಮವಾರ
ಬಾಕಿ: ೮೯ ದಿನ

ಇವತ್ತಿನಿಂದ ದಿನಚರಿ ಬರೆಯಬೇಕೆಂದು ಮಾಡಿದ್ದೇನೆ. ನಿವೃತ್ತಿಗೆ ಎಂಬತ್ತೊಂಬತ್ತು ದಿನ ಉಳಿದಿರುವ ಮನುಷ್ಯ ಹೊಸದಾಗಿ ಶುರು ಮಾಡಬಹುದಾದ ಕೆಲಸ ಇದೊಂದೇ. ಕನ್ನಡದಲ್ಲೇ ಬರೆಯುತ್ತೇನೆ. ಕಚೇರಿಯಲ್ಲಿ ಯಾರಿಗೂ ಓದಲು ಬಾರದು. ಮಗ ವಿಶಾಲನಿಗೆ ಆಡಿದರೆ ತಿಳಿಯುತ್ತದೆ, ಬರೆದರೆ ತಿಳಿಯುವುದಿಲ್ಲ. ಹೆಂಡತಿ ಲತಾ ಓದಬಲ್ಲಳು, ಆದರೆ ಮೂವತ್ತು ವರ್ಷ ನನ್ನ ಬಾಯಿಂದ ಕೇಳಿದ್ದನ್ನು ಮತ್ತೆ ಓದುವ ತಾಳ್ಮೆ ಅವಳಿಗಿಲ್ಲ.

ನಾಶಿಕದ ಕಚೇರಿಯಲ್ಲಿ ನಾನು ಮರಾಠಿಯವನೇ. ಬೀದರ ಜಿಲ್ಲೆಯ ಭಾಲ್ಕಿ ಕಡೆಯಿಂದ ಬಂದ ಹೊಸತರಲ್ಲಿ ಒಬ್ಬ ಸಾಹೇಬರು ನನ್ನ ಮರಾಠಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದಿನಿಂದ ಮನೆಯ ಹೊಸ್ತಿಲು ದಾಟಿದ ಮೇಲೆ ಕನ್ನಡ ಆಡಿದವನಲ್ಲ. ಊರಿನಿಂದ ಫೋನ್ ಬಂದರೆ ಮರಾಠಿಯಲ್ಲಿ ಎರಡು ಮಾತಾಡಿ ಇಟ್ಟುಬಿಡುತ್ತೇನೆ.

ನಮ್ಮದು ಗುಡ್ಡ ನೋಂದಣಿ ಶಾಖೆ. ಜಿಲ್ಲೆಯ ಗುಡ್ಡಗಳು ಇದ್ದಲ್ಲೇ ಇವೆ ಎಂದು ವರ್ಷಕ್ಕೊಮ್ಮೆ ವರದಿ ಕಳಿಸುವುದು ನನ್ನ ಕೆಲಸ. ಈ ಮೂವತ್ನಾಲ್ಕು ವರ್ಷದಲ್ಲಿ ಎರಡು ಗುಡ್ಡಗಳನ್ನು ಖಡಿ ಮಷೀನಿನವರು ಒಡೆದು ಜಲ್ಲಿ ಮಾಡಿ ಮಾರಿದರು. ನನ್ನ ದಾಖಲೆಯಲ್ಲಿ ಆ ಎರಡೂ ಈಗಲೂ ಇದ್ದಲ್ಲೇ ಇವೆ. ಹಾಗಾಗಿಯೇ ನನ್ನ ಸೇವಾ ಪುಸ್ತಕದಲ್ಲಿ ತಪ್ಪು ಹಿಡಿದು ಬರೆದ ಒಂದೇ ಒಂದು ಷರಾ ಇಲ್ಲ.

ಈಗ ಛತ್ರಪತಿ ಸಂಭಾಜಿನಗರದ ಮುಖ್ಯ ಕಚೇರಿಯಿಂದ ಹೊಸ ಪೋರ್ಟಲ್ ಬಂದಿದೆ. ಯಾವುದೋ ದ್ವೀಪದೇಶದಿಂದ ಅಗ್ಗಕ್ಕೆ ತಂದ ಸಾಫ್ಟ್‌ವೇರ್ ಅಂತೆ. ಅಲ್ಲಿ ಗುಡ್ಡವೆಂದರೆ ಜ್ವಾಲಾಮುಖಿಯೇ. ಹಾಗಾಗಿ ಹದಿನಾಲ್ಕನೆಯ ಅಂಕಣದಲ್ಲಿ 'ಕೊನೆಯ ಸ್ಫೋಟದ ದಿನಾಂಕ' ಎಂದಿದೆ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ಮೊದಲು ತುಂಬಬೇಕಾದದ್ದು ಓಝರ್ ಆಚೆಗಿನ ಕಾಳ್ಯಾ ಡೋಂಗರ, ಅಂದರೆ ಕರಿಗುಡ್ಡ. ಅದರ ಬುಡದಲ್ಲಿ ಕಟ್ಟಡ ಕೆಲಸದವರ ಅರವತ್ತೊಂದು ತಗಡಿನ ಮನೆಗಳಿವೆ. ಅವರು ನಳದ ನೀರು ಬೇಕೆಂದು ಅರ್ಜಿ ಹಾಕಿದ್ದಾರೆ. ಗುಡ್ಡ ನೋಂದಣಿಯಾಗದೆ ನಳ ಇಲ್ಲ.

೫ ಮಾರ್ಚ್, ಬುಧವಾರ
ಬಾಕಿ: ೮೭

ಎರಡು ದಿನದಿಂದ ಹದಿನಾಲ್ಕನೆಯ ಅಂಕಣದ ಮುಂದೆ ಕೂತಿದ್ದೆ. ಈ ಕಡೆಯ ಕರಿಕಲ್ಲೆಲ್ಲ ಲಾವಾ ಹರಿದು ಆರಿದ್ದು, ಸುಮಾರು ಆರು ಕೋಟಿ ಅರವತ್ತು ಲಕ್ಷ ವರ್ಷದ ಹಿಂದಿನದು ಎಂದು ಮೊಬೈಲ್ ಹೇಳಿತು. ಯಾವ ತಿಂಗಳು ಎಂದು ಹೇಳಲಿಲ್ಲ. ಇರಲಿ ಎಂದು ವರ್ಷ ತುಂಬಲು ಹೋದರೆ ಅಂಕಿ ಬರೆಯಲು ಅಲ್ಲಿರುವುದು ನಾಲ್ಕೇ ಮನೆ. ೬೬೦೦ ಎಂದು ಹಿಡಿಯಿತು. 'ಮುಂದೆ ಆಗಲಿರುವ ಸ್ಫೋಟಗಳಿಗೆ ಬೇರೆ ನಮೂನೆ ಬಳಸಿ' ಎಂದು ಕೆಂಪಕ್ಷರ ಬಂತು. ಸಾವಿರದ ಒಂಬೈನೂರಕ್ಕಿಂತ ಹಿಂದಿನದನ್ನು ಅದು ಒಪ್ಪುವುದೇ ಇಲ್ಲ.

ಕೊನೆಗೆ ನಮ್ಮೂರ ಹೆಡ್‌ಮಾಸ್ತರರು ನೆನಪಾದರು. ಅವ್ವ ನನ್ನನ್ನು ಶಾಲೆಗೆ ಸೇರಿಸಲು ಹೋದಾಗ ಮಾಸ್ತರರು ಹುಟ್ಟಿದ ತಾರೀಖು ಕೇಳಿದರು. ಅವ್ವ, "ಜ್ವಾಳದ ರಾಶಿ ಮುಂದ ಹುಟ್ಯಾನ್ರಿ" ಎಂದಳು. ಮಾಸ್ತರರು ನನ್ನ ಎತ್ತರ ನೋಡಿ '೧ ಜೂನ್ ೧೯೬೭' ಎಂದು ಬರೆದರು. ನಮ್ಮ ವರ್ಗದ ಮೂವತ್ತೆರಡು ಮಂದಿಯೂ ಜೂನ್ ಒಂದರಂದೇ ಹುಟ್ಟಿದವರು. ಯಾರಿಗೂ ಇದರಿಂದ ತೊಂದರೆಯಾಗಿಲ್ಲ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ, ಅಷ್ಟೇ ನಷ್ಟ.

ಗುಡ್ಡಕ್ಕೂ ೦೧/೦೬/೧೯೬೭ ಎಂದೇ ತುಂಬಿದೆ. ಕೈಗೆ ರೂಢಿಯಾದ ತಾರೀಖು. ಪರದೆ ಹಸಿರಾಯಿತು, ಫೈಲು ಕಟ್ಟಿಟ್ಟು ಮನೆಗೆ ಬಂದೆ.

೧೮ ಮಾರ್ಚ್, ಮಂಗಳವಾರ
ಬಾಕಿ: ೭೪

ನಮ್ಮ ಶಾಖೆಯ ಮುಖ್ಯಸ್ಥೆ ಸೋನವಣೆ ಮೇಡಂ ಇವತ್ತು ಪೇಡೆ ಹಂಚಿದರು. ಕಾಳ್ಯಾ ಡೋಂಗರ 'ಜಾಗೃತ ಜ್ವಾಲಾಮುಖಿ' ಎಂದು ಘೋಷಣೆಯಾಗಿದೆ. ಹತ್ತು ಸಾವಿರ ವರ್ಷದೊಳಗೆ ಸಿಡಿದ ಗುಡ್ಡ ಜಾಗೃತ ಎಂದು ನಿಯಮವಂತೆ. ನಮ್ಮದು ಸಿಡಿದು ಬರೀ ಐವತ್ತೆಂಟು ವರ್ಷ.

"ಬಿರಾದಾರ, ಸಂಭಾಜಿನಗರದವರಿಗೆ ಹೊಟ್ಟೆಕಿಚ್ಚು. ಅವರ ಹತ್ತಿರ ವೇರೂಳದ ಎಲ್ಲೋರಾ ಗುಹೆ ಇದೆ, ದೌಲತಾಬಾದ ಕೋಟೆ ಇದೆ, ಜ್ವಾಲಾಮುಖಿ ಮಾತ್ರ ಇಲ್ಲ," ಎಂದರು ಮೇಡಂ.

ಪತ್ರದ ಎರಡನೆಯ ಪುಟವನ್ನು ಮೇಡಂ ಓದಿರಲಿಲ್ಲ, ನಾನು ಓದಿದೆ. ನಳದ ಅರ್ಜಿ ತಿರಸ್ಕೃತ. ಬುಡದಲ್ಲಿರುವ ಅರವತ್ತೊಂದು ಕುಟುಂಬಗಳು ಮೇ ಮೂವತ್ತೊಂದರೊಳಗೆ ಜಾಗ ಖಾಲಿ ಮಾಡತಕ್ಕದ್ದು. ಬೇರೆ ಜಾಗ ಎಲ್ಲಿ ಎಂಬುದು ಪತ್ರದಲ್ಲಿಲ್ಲ. ನೋಟಿಸು ಕೊಡುವ ಕೆಲಸ, ಗುಡ್ಡದ ಇತಿಹಾಸ ಬಲ್ಲವನೆಂದು, ನನಗೇ ಬಿದ್ದಿದೆ.

ನಾನು ನಿಯಮದಂತೆ ಅಂಕಣ ತುಂಬಿದ್ದೇನೆ. ಮುಂದಿನದು ನನ್ನ ವ್ಯಾಪ್ತಿಗೆ ಬರುವುದಿಲ್ಲ.

೨೦ ಮಾರ್ಚ್, ಗುರುವಾರ
ಬಾಕಿ: ೭೨

ಜೀಪಿನಲ್ಲಿ ಹೋಗಿ ನೋಟಿಸು ಕೊಟ್ಟು ಬಂದೆ. ಅಲ್ಲಿರುವವರು ಬಹುತೇಕ ಕಲಬುರಗಿ, ಬೀದರ ಕಡೆಯ ಕೂಲಿಗಳು. ಮುಂದೆ ಬಂದು ಮಾತಾಡಿದವಳು ಚನಬಸವ್ವ ಎಂಬ ಹೆಂಗಸು, ನಲವತ್ತೈದರ ಆಸುಪಾಸು, ತಲೆಯ ಮೇಲೆ ಸಿಮೆಂಟಿನ ಧೂಳು ಹಾಗೇ ಇತ್ತು. ನಾನು ಮರಾಠಿಯಲ್ಲೇ ವಿಷಯ ಹೇಳಿದೆ. ಗುಡ್ಡ ಅರವತ್ತೇಳರಲ್ಲಿ ಸಿಡಿದಿದೆ, ಮತ್ತೆ ಸಿಡಿಯಬಹುದು, ನಿಮ್ಮ ಪ್ರಾಣರಕ್ಷಣೆಗಾಗಿಯೇ ನಿಮ್ಮನ್ನು ಎಬ್ಬಿಸುತ್ತಿದ್ದೇವೆ ಎಂದೆ.

ಚನಬಸವ್ವ ಪಕ್ಕದ ಮುದುಕಿ ಭಾಗವ್ವನ ಕಡೆ ತಿರುಗಿ ಕನ್ನಡದಲ್ಲಿ, "ಆಯಿ, ಈ ಗುಡ್ಡ ಸಿಡದದಂತ. ನನಗನಸ್ತದ, ಈ ಸಾಹೇಬನ ತಲಿ ಸಿಡದಿರಬೇಕು" ಎಂದಳು.

ಭಾಗವ್ವ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ಪಾಪ ಅನ್ನಬ್ಯಾಡ ಬಿಡ. ಬಿಸಲಾಗ ಬಂದಾನ. ಒಂದ್ ಗಿಲಾಸ ಮಜ್ಜಿಗಿ ಕೊಡು" ಎಂದಳು.

ಕನ್ನಡ ತಿಳಿಯದವನಂತೆ ನಿಂತಿದ್ದೆ. ಮಜ್ಜಿಗೆ ಬೇಡವೆಂದೆ. ಸರ್ಕಾರಿ ನೌಕರ ನೋಟಿಸು ಕೊಡಲು ಹೋದಲ್ಲಿ ಏನನ್ನೂ ಕುಡಿಯಬಾರದು. ದಾರಿಯಲ್ಲಿ ಜೀಪು ನಿಲ್ಲಿಸಿ ಇಪ್ಪತ್ತು ರೂಪಾಯಿ ಕೊಟ್ಟು ಮಜ್ಜಿಗೆ ಕುಡಿದೆ, ಹುಳಿ ಬಂದಿತ್ತು.

೨ ಏಪ್ರಿಲ್, ಬುಧವಾರ
ಬಾಕಿ: ೫೯

ಸಂಭಾಜಿನಗರದಿಂದ ತಪಾಸಣೆಗೆ ಬಂದಿದ್ದರು. ಒಬ್ಬ ಇನ್ಸ್‌ಪೆಕ್ಟರ್ ಸಾಹೇಬರು, ಜೊತೆಗೆ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ದೀಕ್ಷಿತಾ ಎಂಬ ಹುಡುಗಿ. ವಸತಿಯವರೆಲ್ಲ ಕೆಲಸಕ್ಕೆ ಹೋಗಿದ್ದರಿಂದ ಹೇಳುವವರು ಕೇಳುವವರು ಯಾರೂ ಇರಲಿಲ್ಲ.

ದೀಕ್ಷಿತಾ ಅರ್ಧ ಗುಡ್ಡ ಹತ್ತುವಷ್ಟರಲ್ಲೇ ಹೇಳಿದಳು: "ಸರ್, ಇದು ಜ್ವಾಲಾಮುಖಿಯೇ ಅಲ್ಲ. ಲಾವಾ ಗುಡ್ಡದ ತುದಿಯಿಂದ ಚಿಮ್ಮಲಿಲ್ಲ, ನೆಲದ ಉದ್ದುದ್ದ ಬಿರುಕಿನಿಂದ ಉಕ್ಕಿ ನೂರಾರು ಮೈಲಿ ಹರಿಯಿತು. ಒಂದರ ಮೇಲೊಂದು ಪದರು. ಎರಡು ಪದರಿನ ನಡುವೆ ಈ ಕೆಂಪು ಪಟ್ಟಿ ನೋಡಿ, ಅದು ಆ ಕಾಲದ ಮಣ್ಣು. ಲಾವಾ ಬಂದು ಆರಿ, ಮಣ್ಣಾಗಿ, ಗಿಡ ಹುಟ್ಟಿ, ಮತ್ತೆ ಲಾವಾ ಬಂದಿದೆ. ಆಮೇಲೆ ಕೋಟಿಗಟ್ಟಲೆ ವರ್ಷ ಮಳೆ, ಹೊಳೆ ಸುತ್ತಲಿನದನ್ನೆಲ್ಲ ಕೊಚ್ಚಿ ಒಯ್ದವು. ಈ ಗುಡ್ಡ ಎದ್ದು ನಿಂತದ್ದಲ್ಲ ಸರ್, ಉಳಿದೆಲ್ಲ ಹೋದ ಮೇಲೆ ಉಳಿದದ್ದು."

ಇನ್ಸ್‌ಪೆಕ್ಟರ್ ಸಾಹೇಬರು ಸಮಾಧಾನದಿಂದ ಕೇಳಿ, "ಮೇಡಂ, ನೀವು ಹೇಳುವುದು ಸರಿ ಇರಬಹುದು, ಆದರೆ ಪೋರ್ಟಲಿನಲ್ಲಿ ಅರವತ್ತೇಳು ಎಂದಿದೆ" ಎಂದರು.

ತುದಿಯಲ್ಲಿ ಕಲ್ಲುಗಳ ನಡುವಿನ ತಗ್ಗಿನಲ್ಲಿ ಎರಡು ಬುಟ್ಟಿ ಆಗುವಷ್ಟು ಬೂದಿ ಸಿಕ್ಕಿತು. ಸಾಹೇಬರು ನಮ್ಮನ್ನೆಲ್ಲ ಹಿಂದೆ ಸರಿಸಿದರು. ಚೀಲಕ್ಕೆ ತುಂಬಿ ಅರಗಿನ ಮುದ್ರೆ ಒತ್ತಿದರು. ದೀಕ್ಷಿತಾ ಮೂಸಿ ನೋಡಿ, "ಇದು ಸಗಣಿಯದು" ಎಂದಳು. ಅವಳ ಅಭಿಪ್ರಾಯವನ್ನು ಅಡಿಟಿಪ್ಪಣಿಯಲ್ಲಿ ಬರೆದುಕೊಂಡರು.

ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಶಿವರಾತ್ರಿಗೆ ಸಗಣಿಯ ಕುಳ್ಳು ಸುಟ್ಟು ವರ್ಷಕ್ಕಾಗುವಷ್ಟು ವಿಭೂತಿ ಮಾಡಿಟ್ಟುಕೊಳ್ಳುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ನನ್ನವ್ವನೂ ಮಾಡುತ್ತಿದ್ದಳು. ಆದರೆ ಹಾಗೆ ಹೇಳಿದರೆ, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು. ಚೀಲದ ಮೇಲೆ ನಂಬರು ಬರೆದುಕೊಟ್ಟೆ.

ಕೆಳಗಿಳಿಯುವಾಗ ಬುಡದಲ್ಲಿ ಒಂದು ದಿಬ್ಬ ಕಂಡು ಸಾಹೇಬರು ಮತ್ತೆ ನಿಂತರು. ಅವರು ಹೇಳುತ್ತ ಹೋದರು, ನಾನು ತಲೆ ಎತ್ತದೆ ಬರೆದುಕೊಂಡೆ: 'ಮರಿ ಜ್ವಾಲಾಮುಖಿ ಒಂದು. ಎತ್ತರ ಎರಡೂವರೆ ಅಡಿ. ತುದಿಯಲ್ಲಿ ಬಿಳಿ ಬೂದಿ. ಸದ್ಯ ಶಾಂತ.' ಅಕ್ಷರ ದುಂಡಗೆ ಬಂದಿವೆ ಎಂದು ಸಾಹೇಬರು ಮೆಚ್ಚಿದರು.

೩ ಏಪ್ರಿಲ್, ಗುರುವಾರ
ಬಾಕಿ: ೫೮

ಊಟ ಸೇರಲಿಲ್ಲ. ಪಲ್ಯದಲ್ಲಿ ಉಪ್ಪು ಕಡಿಮೆ ಎಂದೆ. ಲತಾ ರುಚಿ ನೋಡಿ, "ಉಪ್ಪು ಬರೋಬ್ಬರ್ ಅದ. ನಿಮ್ಮ ನಾಲಿಗಿಗೆ ಏನಾಗ್ಯದ?" ಎಂದಳು.

೧೩ ಏಪ್ರಿಲ್, ರವಿವಾರ

ಓಝರ್ ತನಕ ಬಸ್ಸಿನಲ್ಲಿ, ಅಲ್ಲಿಂದ ಶೇರ್ ರಿಕ್ಷಾದಲ್ಲಿ ಗುಡ್ಡಕ್ಕೆ ಹೋಗಿದ್ದೆ. ರಜೆಯ ದಿನ ಯಾಕೆ ಹೋದೆ ಎಂದರೆ, ಫೈಲಿನಲ್ಲಿ ನಕ್ಷೆ ಸರಿ ಇರಲಿಲ್ಲ.

ಚನಬಸವ್ವ ಟ್ಯಾಂಕರಿನ ನೀರು ಹಿಡಿದು ಎರಡು ಕೊಡ ಹೊತ್ತು ಬರುತ್ತಿದ್ದಳು. ಮರಾಠಿಯಲ್ಲಿ ಮಾತು ಶುರು ಮಾಡಬೇಕೆಂದು ಬಾಯಿ ತೆರೆದರೆ ಬಂದದ್ದೇ ಬೇರೆ. "ಯವ್ವಾ, ಶಿವರಾತ್ರಿಗಿ ಕುಳ್ಳ ಎಲ್ಲಿ ಸುಟ್ಟಿದ್ರಿ?"

ಅವಳು ಕೊಡ ಇಳಿಸಿದಳು. ಆಶ್ಚರ್ಯವೇನೂ ಪಡಲಿಲ್ಲ. "ಗುಡ್ಡದ ಮ್ಯಾಲ ಸುಟ್ಟಿದ್ವಿರಿ. ಕೆಳಗ ತಗಡಿನ ಮನಿ, ಕಿಡಿ ಹಾರಿದ್ರ ಹೆಂಗ? ಅಣ್ಣಾರ, ನೀವು ನಮ್ಮ ಕಡಿಯವರಂತ ಅವತ್ತೇ ಗೊತ್ತಾಗಿತ್ತು."

"ಹೆಂಗ ಗೊತ್ತಾಯ್ತು?"

"ನಾ ಬೈಲಾಕತ್ತಾಗ ನಿಮ್ಮ ಕಿವಿ ಕೆಂಪಾಗಿದ್ವು."

ಕೂರಿಸಿ ಮಜ್ಜಿಗೆ ಕೊಟ್ಟಳು, ಕುಡಿದೆ. ಹನ್ನೊಂದು ವರ್ಷದಿಂದ ನಾಶಿಕದಲ್ಲಿದ್ದಾಳೆ, ಆಳಂದ ಕಡೆಯವಳು. ಕೆಲಸ ಮುಗಿದ ಹಾಗೆ ಒಂಬತ್ತು ಸಲ ಜಾಗ ಬದಲಿಸಿದ್ದಾಳಂತೆ. ಇನ್ನೊಮ್ಮೆ ಬದಲಿಸಿದರೆ ಏನಾಯಿತು ಎಂದು ನಾನು ಕೇಳಬಾರದಿತ್ತು, ಕೇಳಿದೆ.

ಅವಳು ಎದ್ದು ನನ್ನನ್ನು ಮನೆಗಳ ಹಿಂದೆ ಕರೆದೊಯ್ದಳು. ಅದೇ ದಿಬ್ಬ. ಮೇಲೊಂದು ಕರಿಕಲ್ಲು, ಕಲ್ಲಿಗೆ ಮೂರು ಬೆರಳಿನ ವಿಭೂತಿ.

"ನಮ್ಮ ಮನಿಯವರ್ರಿ. ಶ್ರೀಮಂತ ಅಂತ ಹೆಸರು. ಏಳನೇ ಮಾಳಗಿಂದ ಬಿದ್ರು, ಮೂರು ವರ್ಷಾತು. ನಮ್ಮೊಳಗ ಸುಡೂದಿಲ್ಲಲ್ರಿ, ಹೂಳ್ತೀವಿ. ನಿಮಗ ಗೊತ್ತೇ ಅದ. ಊರಿಗಿ ಒಯ್ಲಾಕ ಆಗಲಿಲ್ಲ. ಈ ಕಲ್ಲಿನ ನೆಲದಾಗ ಇಷ್ಟ್ ಮಂದಿ ಕೂಡಿ ಒಂದ್ ದಿನ ಅಗದ್ರು. ಜೀವಂತ ಇದ್ದವ್ರನ್ನ ಎಲ್ಲಿಗಿ ಬೇಕಾದ್ರ ಕರ್ಕೊಂಡ್ ಹೋಗತೀನ್ರಿ ಅಣ್ಣಾರ. ಇವರ್ನ ಹೆಂಗ ಕರ್ಕೊಂಡ್ ಹೋಗ್ಲಿ?"

ನನಗೆ ನಿಂತಲ್ಲೇ ನಾಚಿಕೆಯಾಯಿತು. ಒಬ್ಬನನ್ನು ಹೂತ ಗದ್ದುಗೆಯನ್ನು ನಾನು ನನ್ನ ದುಂಡಗಿನ ಅಕ್ಷರದಲ್ಲಿ ಮರಿ ಜ್ವಾಲಾಮುಖಿ ಎಂದು ಬರೆದಿದ್ದೇನೆ, ಎತ್ತರ ಸಮೇತ. ಚಪ್ಪಲಿ ಬಿಟ್ಟು ಕೈ ಮುಗಿದೆ. ಅವಳಿಗೆ ವಿಷಯ ಹೇಳುವ ಧೈರ್ಯವಾಗಲಿಲ್ಲ.

೧೬ ಏಪ್ರಿಲ್, ಬುಧವಾರ

ಮುಖ್ಯ ಕಚೇರಿಗೆ ಪತ್ರ ಬರೆದೆ. ನಾಲ್ಕು ಸಲ ಹರಿದು ಐದನೆಯ ಸಲಕ್ಕೆ ಸರಿ ಬಂತು. 'ಸದರಿ ಗುಡ್ಡದ ಸ್ಫೋಟದ ದಿನಾಂಕವನ್ನು ನಾನು ಅಂದಾಜಿನಿಂದ ತುಂಬಿದ್ದು, ನಮ್ಮ ಕಡೆ ತಾರೀಖು ಗೊತ್ತಿಲ್ಲದವರಿಗೆಲ್ಲ ಜೂನ್ ಒಂದು ಎಂದು ಬರೆಯುವುದು ವಾಡಿಕೆಯಿರುತ್ತದೆ. ಬೂದಿಯು ವಿಭೂತಿಯದು. ಮರಿ ಜ್ವಾಲಾಮುಖಿಯು ಕೀರ್ತಿಶೇಷ ಶ್ರೀಮಂತ ಇವರ ಸಮಾಧಿಯಾಗಿರುತ್ತದೆ.'

ಲತಾಳಿಗೆ ಓದಿ ಹೇಳಿದೆ. ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. "ಅಲ್ರೀ, ಇನ್ನ ನಾಲ್ವತ್ತೈದು ದಿನ ಬಾಯಿ ಮುಚ್ಕೊಂಡು ಕೂಡ್ಲಾಕ ಬರಲಿಲ್ಲೇನು? ಜೂನ್ ಐದಕ್ಕ ಕಾಶಿಗಿ ಟಿಕೇಟ್ ತಗದೀನಿ. ಮೂವತ್ತು ವರ್ಷ ಮುಂಜಾನಿ ಎದ್ದು ಡಬ್ಬಿ ಕಟ್ಟೀನಿ, ಒಂದ್ ದಿನ ನಿಮ್ಮ ಕೂಡ ನಿವಾಂತ ಚಹಾ ಕುಡದಿಲ್ಲ."

ಎಷ್ಟು ದಿನ ಬಾಕಿ ಎಂದು ಅವಳು ಹೇಳಿದ ಮೇಲೇ ನನಗೆ ನೆನಪಾಯಿತು.

೨೮ ಏಪ್ರಿಲ್, ಸೋಮವಾರ

ಉತ್ತರ ಬಂತು. ದಿನಾಂಕ ತಿದ್ದಬೇಕಾದರೆ ಎರಡರಲ್ಲೊಂದು ಬೇಕಂತೆ: ಗುಡ್ಡದ ಶಾಲಾ ದಾಖಲಾತಿಯ ಪ್ರತಿ, ಇಲ್ಲವೇ ಸ್ಫೋಟಕ್ಕಿಂತ ಹಿರಿಯರಾದ ಒಬ್ಬರು, 'ಆ ದಿನ ನಾನಿದ್ದೆ, ಏನೂ ಸಿಡಿಯಲಿಲ್ಲ' ಎಂದು ಕೊಡುವ ಪ್ರತಿಜ್ಞಾಪತ್ರ.

ಕೆಳಗೆ ಇನ್ನೊಂದು ಸಾಲಿತ್ತು. 'ಜೂನ್ ಒಂದು ಎಂಬುದು ಅಂದಾಜಿನ ತಾರೀಖಾಗಿದ್ದಲ್ಲಿ, ಆ ದಿನ ಹುಟ್ಟಿದ ಎಲ್ಲ ನೌಕರರ ಜನ್ಮದಿನಾಂಕವನ್ನೂ ಮರುಪರಿಶೀಲಿಸಲಾಗುವುದು.'

ನಮ್ಮ ಶಾಖೆಯಲ್ಲಿ ಹತ್ತೊಂಬತ್ತು ಮಂದಿ. ಅದರಲ್ಲಿ ಹನ್ನೊಂದು ಮಂದಿ ಜೂನ್ ಒಂದರವರು. ಇವತ್ತು ಯಾರೂ ನನ್ನನ್ನು ಚಹಾಕ್ಕೆ ಕರೆಯಲಿಲ್ಲ. ಸಂಜೆ ಸೋನವಣೆ ಮೇಡಂ ಒಳಗೆ ಕರೆದು ಬಾಗಿಲು ಹಾಕಿ, "ಬಿರಾದಾರ, ನಾನೂ ಜೂನ್ ಒಂದೇ. ನನ್ನ ಅಕ್ಕ, ತಮ್ಮ, ಭಾವ ಎಲ್ಲರೂ ಜೂನ್ ಒಂದೇ. ಒಂದು ಗುಡ್ಡದ ಸಲುವಾಗಿ ಮನೆಮಂದಿಯ ಹುಟ್ಟನ್ನೇ ಅಳಿಸುತ್ತೀರಾ?" ಎಂದರು. ಅವರ ಕಣ್ಣಲ್ಲಿ ನೀರಿತ್ತು.

೩೦ ಏಪ್ರಿಲ್, ಬುಧವಾರ

ಕೆಲಸ ಮುಗಿಸಿ ಗುಡ್ಡಕ್ಕೆ ಹೋದೆ. ಸಾಕ್ಷಿ ಹೇಳಲು ಭಾಗವ್ವ ಕೂಡಲೇ ಒಪ್ಪಿದಳು. "ನಾ ಅಂಬೋದು ಏನದ, ಎಂಬತ್ತು ದಾಟೀನಿ. ಸಿಡದಿಲ್ಲಂದ್ರ ಸಿಡದಿಲ್ಲ. ಕರಿ ನಿನ್ನ ಸಾಹೇಬಗ." ಪೆಟ್ಟಿಗೆಯಿಂದ ಆಧಾರ್ ಕಾರ್ಡು ತೆಗೆದು ಕೊಟ್ಟಳು. ಹುಟ್ಟಿದ ತಾರೀಖು ೦೧/೦೬/೧೯೭೨. ವಸತಿಗೇ ಹಿರಿಯಳಾದ ಭಾಗವ್ವ ಸ್ಫೋಟಕ್ಕಿಂತ ಐದು ವರ್ಷ ಚಿಕ್ಕವಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಚನಬಸವ್ವ ಮೆಲ್ಲಗೆ, "ಇನ್ನ ಒಂದ್ ತಿಂಗಳ ಉಳೀತ್ರೀ?" ಎಂದು ಕೇಳಿದಳು. ಭಾಗವ್ವ ಕಾರ್ಡನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಳು.

೬ ಮೇ, ಮಂಗಳವಾರ

ಸಂಭಾಜಿನಗರಕ್ಕೆ ಹೋಗಿ ಬಂದೆ. ಯೇವಲಾ ಮೇಲೆ ಹಾಯುವ ಬಸ್ಸು, ಕಿಟಕಿಯ ಗಾಜು ಇರಲಿಲ್ಲ, ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಎರಡೂ ಕಡೆ ಮಟ್ಟಸ ತಲೆಯ ಗುಡ್ಡಗಳು. ಮೂವತ್ನಾಲ್ಕು ವರ್ಷ ಅವುಗಳ ಸಂಖ್ಯೆ ಬರೆದಿದ್ದೇನೆ, ಪದರು ಪದರಾಗಿವೆ ಎಂದು ನೋಡಿರಲಿಲ್ಲ. ದೂರದೂರದ ಗುಡ್ಡಗಳಲ್ಲೂ ಕೆಂಪು ಪಟ್ಟಿ ಸರಿಸುಮಾರು ಒಂದೇ ಎತ್ತರದಲ್ಲಿತ್ತು. ನಡುವಿನದೆಲ್ಲ ಒಮ್ಮೆ ಕಲ್ಲೇ ತುಂಬಿಕೊಂಡಿತ್ತು.

ತಪಾಸಣೆಯ ಕೆಲಸಕ್ಕೆಂದು ಬಂದಿದ್ದ ದೀಕ್ಷಿತಾ ಕಚೇರಿಯ ಬಾಗಿಲಲ್ಲೇ ಸಿಕ್ಕಳು. ನನ್ನ ಪತ್ರ ಓದಿದ್ದಳಂತೆ. "ಅಂಕಲ್, ನನ್ನ ಮಮ್ಮಿ ಬೀದರ್‌ದವ್ರು. ನನಗ ಕನ್ನಡ ತಿಳೀತದ, ಬೋಲಾಯ್ಲಾ, ಅಂದ್ರ ಮಾತಾಡ್ಲಾಕ, ಜರಾ ಕಷ್ಟ" ಎಂದಳು. ಮೊಗಸಾಲೆಯಲ್ಲಿ ಹತ್ತು ಮಂದಿಯ ನಡುವೆ ನಾವಿಬ್ಬರೂ ಕನ್ನಡದಲ್ಲೇ ಮಾತಾಡಿದೆವು. ಯಾರೂ ನಗಲಿಲ್ಲ. ಯಾರೂ ತಿರುಗಿಯೂ ನೋಡಲಿಲ್ಲ.

ಇಬ್ಬರೂ ಕೂಡಿ ಒಳಗೆ ಹೋದೆವು. ಮುಖ್ಯ ಸಾಹೇಬರು ಸಜ್ಜನರು. ಎಲ್ಲ ಕೇಳಿದರು. "ಬಿರಾದಾರ, ಸಮಾಧಿ ಎಂದು ನಾನು ನಂಬುತ್ತೇನೆ. ಆದರೆ ಪೋರ್ಟಲಿನಲ್ಲಿ ಅಳಿಸುವ ಗುಂಡಿಯೇ ಇಲ್ಲ. ಒಮ್ಮೆ ಸಿಡಿದದ್ದು ಸಿಡಿದದ್ದೇ. ಒಂದು ದಾರಿ ಮಾತ್ರ ಇದೆ," ಎಂದು ನಿಯಮಾವಳಿ ತೆರೆದರು. ಒಂಬತ್ತನೆಯ ನಿಯಮ: ಸೇವೆಯಲ್ಲಿರುವ ನೌಕರನೊಬ್ಬ ಜ್ವಾಲಾಮುಖಿಗೆ ಜಾಮೀನು ನಿಂತರೆ ಅದನ್ನು 'ಶಾಂತ' ಎಂದು ಪರಿಗಣಿಸಬಹುದು. ಜನರನ್ನು ಎಬ್ಬಿಸಬೇಕಾಗಿಲ್ಲ, ನಳವನ್ನೂ ಕೊಡಬಹುದು. ಜಾಮೀನುದಾರ ದಿನಾಲು ಹತ್ತರಿಂದ ಐದರವರೆಗೆ ಗುಡ್ಡದ ಬುಡದಲ್ಲಿ ಹಾಜರಿದ್ದು ರಜಿಸ್ಟರು ಬರೆಯತಕ್ಕದ್ದು. ತಪ್ಪು ತುಂಬಿದ್ದಕ್ಕೆ ಅವನ ಸೇವಾ ಪುಸ್ತಕದಲ್ಲಿ ಷರಾ ಬೀಳತಕ್ಕದ್ದು. ಜಾಮೀನು ಮುಗಿಯುವ ತನಕ ಅವನನ್ನು ಸೇವೆಯಿಂದ ಬಿಡುಗಡೆ ಮಾಡತಕ್ಕದ್ದಲ್ಲ.

"ಜಾಮೀನು ಯಾವಾಗ ಮುಗಿಯುತ್ತದೆ ಸರ್?" ಎಂದೆ.

"ಗುಡ್ಡ ಸಿಡಿದಾಗ," ಎಂದರು ಸಾಹೇಬರು.

ದೀಕ್ಷಿತಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಂಕಲ್, ಅದು ಎಂದೂ ಸಿಡಿಯೂದಿಲ್ಲ," ಎಂದಳು. ಇಷ್ಟು ದಿನ ಯಾರಾದರೂ ಆ ಮಾತನ್ನು ನಂಬಲಿ ಎಂದು ಓಡಾಡಿದ್ದೆ. ಇವತ್ತು ಕೇಳಿ ಒಂಬತ್ತನೆಯ ನಿಯಮವನ್ನು ಇನ್ನೊಮ್ಮೆ ಓದಿದೆ.

೭ ಮೇ, ಬುಧವಾರ

ಲತಾಳಿಗೆ ಹೇಳಿದೆ. ಮಾತು ಬಿಟ್ಟಿದ್ದಾಳೆ.

೧೨ ಮೇ, ಸೋಮವಾರ

ಮಾತಿಲ್ಲ. ಡಬ್ಬಿ ಮಾತ್ರ ಎಂಟಕ್ಕೆ ಸರಿಯಾಗಿ ಬರುತ್ತದೆ. ಉಪ್ಪೂ ಬರೋಬ್ಬರಿ ಇದೆ.

೨೧ ಮೇ, ಬುಧವಾರ

ಸಂಜೆ ಮನೆಗೆ ಬಂದರೆ ಬೀಗ. ಲತಾ ಏಳಕ್ಕೆ ಬಂದಳು, ಚಪ್ಪಲಿಯ ತುಂಬ ಕೆಂಪು ಧೂಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ ಕಾಲು ತೊಳೆಯಲು ಹೋದಳು. ಚಹಾ ಮಾಡಿ ಎರಡು ಕಪ್ಪಿಗೆ ಸುರಿದು ಎದುರು ಕೂತಳು.

"ಹೋಗಿ ಜಗಳಾ ಮಾಡ್ಬೇಕಂತ ಮಾಡಿದ್ದೆ. ನನ್ನ ಗಂಡನ ಬಿಡ್ರಿ ಅಂತ ಹೇಳಾಕ ಹೋಗಿದ್ದೆ," ಎಂದಳು. ಒಂದು ಗುಟುಕು ಕುಡಿದು ಮುಂದುವರಿಸಿದಳು. "ಆಕಿ ಗಂಡನ ಕಲ್ಲು ತೊಳೀಲಾಕತ್ತಿದ್ಳು. ಕುಡ್ಯಾಕ ನೀರಿಲ್ಲ, ಅದರಾಗ ಒಂದ್ ತಂಬಗಿ ಅವಗ ತಗದಿಟ್ಟಾಳ. ನನ್ನ ಗಂಡನ ಬಿಡು ಅಂತ ಆಕಿ ಮುಂದ ಯಾವ ಬಾಯಿಲಿಂದ ಅನ್ಲಿ? ಸಹಿ ಮಾಡ್ರಿ. ಟಿಕೇಟ್ ವಾಪಸ್ ಮಾಡೀನಿ."

ಅವಳ ಕೈ ಹಿಡಿಯಬೇಕೆನಿಸಿತು. ಕಪ್ಪು ಹಿಡಿದಿದ್ದಳು.

೩೦ ಮೇ, ಶುಕ್ರವಾರ

ಬೀಳ್ಕೊಡುಗೆ ಸಮಾರಂಭ ಇತ್ತು. ನಾಳೆ ಶನಿವಾರ ರಜೆಯಾದ್ದರಿಂದ ಇವತ್ತೇ. ನಾನು ನನ್ನ ಪತ್ರದ ಜೂನ್ ಒಂದರ ಸಾಲನ್ನು ಹಿಂದಕ್ಕೆ ಪಡೆದ ಮೇಲೆ ಎಲ್ಲರೂ ಮಾತಾಡುತ್ತಿದ್ದಾರೆ. ಬಾಳೆಹಣ್ಣು, ತೆಂಗಿನಕಾಯಿ, ಶಾಲು, ಹಿಂದೆ ನನ್ನ ಹೆಸರಿನ ಬ್ಯಾನರ್. ಸೋನವಣೆ ಮೇಡಂ 'ಒಂದೂ ಷರಾ ಇಲ್ಲದ ಮನುಷ್ಯ' ಎಂದು ಹೇಳಿ ಶಾಲು ಹೊದಿಸಿದರು. ಚಪ್ಪಾಳೆ ಮುಗಿದ ಮೇಲೆ ನಾನು ಜೇಬಿನಿಂದ ಜಾಮೀನು ಪತ್ರ ತೆಗೆದು ಅವರ ಮುಂದೆಯೇ ಸಹಿ ಹಾಕಿ ಕೊಟ್ಟೆ.

ಮೇಡಂ ಎರಡು ಸಲ ಓದಿದರು. ನಿಯಮದಂತೆ ನನ್ನ ಬಿಡುಗಡೆ ಆಗುವಂತಿಲ್ಲ, ಬಿಡುಗಡೆಯಿಲ್ಲದೆ ಬೀಳ್ಕೊಡುಗೆ ಇಲ್ಲ. ಶಾಲನ್ನು ವಾಪಸು ತೆಗೆದುಕೊಂಡು ಮಡಚಿ, 'ವೈಜನಾಥ ಬಿರಾದಾರ, ಸ್ಫೋಟಾನಂತರ' ಎಂದು ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟರು. ಬಾಳೆಹಣ್ಣುಗಳನ್ನು ಅಷ್ಟು ದಿನ ಇಡಲಾಗದೆಂದು ತಿಂದರು. ಸೇವಾ ಪುಸ್ತಕ ತರಿಸಿ ಕೆಂಪು ಶಾಯಿಯಲ್ಲಿ ಷರಾ ಬರೆದರು. ಒಣಗುವ ಮೊದಲೇ ಮುಚ್ಚಿದ್ದರಿಂದ ಎದುರು ಪುಟಕ್ಕೂ ಹತ್ತಿತು.

೨ ಜೂನ್, ಸೋಮವಾರ

ಹತ್ತಕ್ಕೆ ಹಾಜರಾದೆ. ಕಚೇರಿಯಿಂದ ಒಂದು ಕುರ್ಚಿ ಮತ್ತು ರಜಿಸ್ಟರು ಕೊಟ್ಟಿದ್ದಾರೆ. ಬೆಳಿಗ್ಗೆ: ಸ್ಫೋಟ ಇಲ್ಲ. ಸಂಜೆ: ಸ್ಫೋಟ ಇಲ್ಲ. ನಳದ ಪೈಪು ಹಾಕಲು ನಾಲ್ಕು ಮಂದಿ ಬಂದಿದ್ದಾರೆ. ನೆಲ ಗಟ್ಟಿ, ಗುದ್ದಲಿ ಜಿಗಿಯುತ್ತದೆ. ಎಲ್ಲಿ ಪದರು ಸಡಿಲ ಎಂದು ನಾನು ತೋರಿಸಿದೆ. ಮಧ್ಯಾಹ್ನ ಅರವತ್ತೊಂದು ಮನೆಗಳಲ್ಲಿ ಯಾರು ಉಣ್ಣಲು ಕರೆಯಬೇಕೆಂದು ಜಗಳವಾಯಿತು. ಭಾಗವ್ವ ಹಿರಿಯಳೆಂದು ಗೆದ್ದಳು.

೬ ಜೂನ್, ಶುಕ್ರವಾರ

ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ದೊಡ್ಡ ಸದ್ದಾಯಿತು. ನೆಲ ನಡುಗಿತು, ತಗಡುಗಳು ಬಡಿದುಕೊಂಡವು, ಗುಡ್ಡದ ಹಿಂದಿನಿಂದ ಧೂಳು ಎದ್ದು ತುದಿಯ ಮೇಲೆ ನಿಂತಿತು. ಆ ಬದಿಯಲ್ಲಿ ಖಡಿ ಮಷೀನಿನವರು ಕಲ್ಲಿಗೆ ಮದ್ದು ಇಟ್ಟಿದ್ದರು. ಮೊದಲು ತಿಳಿಸಬೇಕಿತ್ತು, ತಿಳಿಸಿರಲಿಲ್ಲ.

ಐದು ನಿಮಿಷದಲ್ಲಿ ಸೋನವಣೆ ಮೇಡಂ ಫೋನ್ ಮಾಡಿದರು. ಸದ್ದು ಓಝರ್ ತನಕ ಕೇಳಿಸಿತಂತೆ. "ಬಿರಾದಾರ, ಸಿಡಿಯಿತೇ?" ಎಂದರು. ನಾನು ಉತ್ತರಿಸುವ ಮೊದಲೇ ದನಿ ತಗ್ಗಿಸಿ, "ನೋಡಿ, ಧೂಳು ಬಂದಿದೆ, ಸದ್ದು ಬಂದಿದೆ, ಯಾರೂ ಪ್ರಶ್ನೆ ಕೇಳುವುದಿಲ್ಲ. ಸ್ಫೋಟವಾಗಿದೆ ಎಂದು ಒಂದು ಸಾಲು ಬರೆದುಬಿಡಿ. ನಾಳೆಯೇ ನಿಮ್ಮ ಬಿಡುಗಡೆ ಮಾಡಿಸುತ್ತೇನೆ. ಲತಾ ವಹಿನಿಯವರನ್ನು ಕಾಶಿಗೆ ಕರೆದುಕೊಂಡು ಹೋಗಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಫೋನ್ ಇಟ್ಟು ತಲೆ ಎತ್ತಿದೆ. ಎಲ್ಲರೂ ಮನೆಗಳಿಂದ ಹೊರಗೆ ಬಂದು ನಿಂತಿದ್ದರು. ಕೆಲವರ ಕೈಯಲ್ಲಿ ಊಟದ ಎಂಜಲು ಹಾಗೇ ಇತ್ತು. ಒಬ್ಬರೂ ಗುಡ್ಡದ ಕಡೆ ನೋಡುತ್ತಿರಲಿಲ್ಲ. ನನ್ನ ಪೆನ್ನಿನ ಕಡೆ ನೋಡುತ್ತಿದ್ದರು. ಚನಬಸವ್ವ ಗದ್ದುಗೆಯ ಪಕ್ಕ ನಿಂತು ಕಲ್ಲಿನ ಮೇಲೆ ಕೈ ಇಟ್ಟಿದ್ದಳು.

ರಜಿಸ್ಟರಿನ ಮೇಲೆ ಧೂಳು ಕೂತಿತ್ತು. ತೋಳಿನಿಂದ ಒರೆಸಿ ವೇಳೆ ಬರೆದೆ, ಒಂದೂ ಇಪ್ಪತ್ತು. ಮುಂದಿನ ಸಾಲನ್ನು ಬರೆಯುತ್ತ ಬರೆಯುತ್ತ, ಹಿಂದೆ ನಿಂತವರಿಗೂ ಕೇಳಲಿ ಎಂದು ನಮ್ಮ ಮಾತಿನಲ್ಲೇ ಕೂಗಿ ಹೇಳಿದೆ: "ಗುಡ್ಡ ಸಿಡದಿಲ್ರೀ!"

ಎಲ್ಲರೂ ಉಣ್ಣಲು ಒಳಗೆ ಹೋದರು. ಚನಬಸವ್ವ ಧೂಳು ಬಿದ್ದ ಬೇಳೆ ಚೆಲ್ಲಿ ಬೇರೆ ಬೇಯಲಿಟ್ಟಳು, ಅದು ಆಗುವ ತನಕ ಕಾದು ಕೂತೆ.